ಚಾಂಪಿಯನ್ ತಂಡ ಆಟವನ್ನೇ ಬಿಟ್ಟಾಗ: ರಗ್ಬಿ ಲೀಗ್‌ನ ಮೊದಲ ಋತು ಮತ್ತು ಮ್ಯಾನಿಂಗಮ್ ಪ್ರಕರಣ

1896ರ ಏಪ್ರಿಲ್ ಮುಗಿಯುವ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಹೊಸ ರಗ್ಬಿ ಲೀಗ್‌ನ ಅಂಕಪಟ್ಟಿಯ ಮೇಲ್ತುದಿ ಹೀಗಿತ್ತು. ಮ್ಯಾನಿಂಗಮ್: 42 ಪಂದ್ಯ, 33 ಗೆಲುವು, 9 ಸೋಲು, 66 ಅಂಕ. ಹ್ಯಾಲಿಫ್ಯಾಕ್ಸ್: 42 ಪಂದ್ಯ, 30 ಗೆಲುವು, 5 ಡ್ರಾ, 7 ಸೋಲು, 65 ಅಂಕ. ಒಂದೇ ಒಂದು ಅಂಕದ ಅಂತರದಲ್ಲಿ ಬ್ರಾಡ್‌ಫರ್ಡ್ ಪಟ್ಟಣದ ಒಂದು ಬಡಾವಣೆಯ ಕ್ಲಬ್ ಮೊಟ್ಟಮೊದಲ ಚಾಂಪಿಯನ್ ಆಯಿತು. ಏಳು ವರ್ಷ ಕಳೆದು 1903ರ ಮೇ ತಿಂಗಳಲ್ಲಿ ಅದೇ ಕ್ಲಬ್ ರಗ್ಬಿಗೆ ಕೈಮುಗಿದು, ಹೆಸರು ಬದಲಿಸಿಕೊಂಡು ಫುಟ್‌ಬಾಲ್ ಕ್ಲಬ್ ಆಯಿತು. ಬ್ರಾಡ್‌ಫರ್ಡ್ ಸಿಟಿ ಎಂಬ ಹೆಸರಿನಲ್ಲಿ ಇಂದಿಗೂ ಆಡುತ್ತಿರುವುದು ಅದೇ ಸಂಸ್ಥೆ.

ಚಾಂಪಿಯನ್ ಪಟ್ಟ ಕಳೆದುಕೊಂಡ ಕ್ಲಬ್‌ಗಳು ಎಲ್ಲ ಆಟಗಳಲ್ಲೂ ಇವೆ. ಪಟ್ಟ ಗೆದ್ದ ಆಟವನ್ನೇ ಬಿಟ್ಟು ಹೋದವು ಅಪರೂಪ. ಹಣದ ಮುಗ್ಗಟ್ಟು ಎಂಬ ಎರಡು ಪದಗಳಲ್ಲಿ ಈ ಕಥೆಯನ್ನು ಮುಗಿಸುವುದು ರೂಢಿ. ಮುಗ್ಗಟ್ಟು ಇದ್ದದ್ದು ನಿಜ. ಆದರೆ ಅದು ಎಲ್ಲಿಂದ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಅಂದರೆ ಆಟಗಾರರಿಗೆ ಹಣ ಕೊಡಲು ಹೋಗಿ ಕ್ಲಬ್ ಮುಳುಗಿತು ಎಂಬುದು, ಲೆಕ್ಕಕ್ಕೆ ನಿಲ್ಲುವುದಿಲ್ಲ. ಮ್ಯಾನಿಂಗಮ್‌ನ ನಿಜವಾದ ಬಂಡವಾಳ ಆ ಮೊದಲ ಋತುವಿನ ಪಂದ್ಯಗಳ ಪಟ್ಟಿಯೇ ಆಗಿತ್ತು. ಅದನ್ನು ಆಟದ ಆಡಳಿತವೇ ಹಂತಹಂತವಾಗಿ ಕಿತ್ತುಕೊಂಡಿತು ಎಂಬುದು ನನ್ನ ವಾದ.

ಒಂಬತ್ತು ದಿನದ ಸಿದ್ಧತೆ

ಹಿನ್ನೆಲೆ ತಿಳಿಯದೆ ಆ ಋತು ಅರ್ಥವಾಗುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಗ್ಬಿಗೆ ಎರಡು ಮುಖಗಳಿದ್ದವು. ದಕ್ಷಿಣದಲ್ಲಿ ಅದು ಪ್ರತಿಷ್ಠಿತ ಶಾಲೆಗಳಲ್ಲಿ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್‌ಗಳಲ್ಲಿ ಓದಿದವರ ಆಟ. ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್‌ಗಳಲ್ಲಿ ಗಿರಣಿ ಕಾರ್ಮಿಕರು, ಕಲ್ಲಿದ್ದಲು ಗಣಿಯವರು, ಹಡಗುಕಟ್ಟೆಯ ಕೂಲಿಗಳು ಅದನ್ನು ಆಡುತ್ತಿದ್ದರು. ಅವರಿಗೆ ಶನಿವಾರ ಮಧ್ಯಾಹ್ನದವರೆಗೂ ಕೆಲಸವಿತ್ತು. ಊರಾಚೆ ಪಂದ್ಯವಿದ್ದರೆ ಬೆಳಗ್ಗೆಯೇ ರೈಲು ಹತ್ತಬೇಕು. ಅರ್ಧ ದಿನದ ಕೂಲಿ ಹೋಗುತ್ತದೆ. ಆ ಕೂಲಿಯನ್ನು ಕ್ಲಬ್ ತುಂಬಿಕೊಡಬಹುದೇ ಎಂಬುದೇ ಜಗಳದ ಮೂಲ. ಬ್ರೋಕನ್ ಟೈಮ್ ಎಂದು ಕರೆಯಲಾಗುತ್ತಿದ್ದ ಈ ಪರಿಹಾರಕ್ಕೆ ಅನುಮತಿ ಕೊಡಿ ಎಂದು ಯಾರ್ಕ್‌ಶೈರ್‌ನವರು 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಠರಾವು ಮಂಡಿಸಿದರು. 282ಕ್ಕೆ 136 ಮತಗಳಿಂದ ಅದು ಬಿದ್ದುಹೋಯಿತು. ಕೂಲಿಯ ಚಿಂತೆಯೇ ಇಲ್ಲದವರು ಕೂಲಿಯವನ ನಷ್ಟದ ಮೇಲೆ ಮತ ಹಾಕಿದ ಸಭೆ ಅದು.

1895ರ ಆಗಸ್ಟ್ 29ರ ಗುರುವಾರ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಪ್ರಮುಖ ಕ್ಲಬ್‌ಗಳು ಸೇರಿ ಇಂಗ್ಲೆಂಡಿನ ರಗ್ಬಿ ಆಡಳಿತ ಸಂಸ್ಥೆಯಾದ ರಗ್ಬಿ ಯೂನಿಯನ್‌ಗೆ ರಾಜೀನಾಮೆ ಕೊಟ್ಟವು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ ಆಟದ ಸಂಸ್ಥೆ, ನಾರ್ದರ್ನ್ ಯೂನಿಯನ್, ಹುಟ್ಟಿದ್ದು ಹಾಗೆ. ಬ್ರಿಗ್‌ಹೌಸ್ ರೇಂಜರ್ಸ್‌ನ ಎಚ್. ಎಚ್. ವಾಲರ್ ಅಧ್ಯಕ್ಷರು, ಓಲ್ಡಮ್‌ನ ಜೋ ಪ್ಲಾಟ್ ಕಾರ್ಯದರ್ಶಿ. ದಿನಕ್ಕೆ ಆರು ಶಿಲಿಂಗ್ ಮೀರದಂತೆ ಕೂಲಿ ನಷ್ಟ ಕೊಡಬಹುದು ಎಂಬುದು ಹೊಸ ನಿಯಮ. ಡ್ಯೂಸ್‌ಬರಿ ಹಿಂದೆ ಸರಿಯಿತು, ರನ್‌ಕಾರ್ನ್ ಸೇರಿಕೊಂಡಿತು; ಕೊನೆಗೆ ಉಳಿದದ್ದು 22 ಕ್ಲಬ್‌ಗಳು. ಮೊದಲ ಪಂದ್ಯಗಳು ನಡೆದದ್ದು ಸೆಪ್ಟೆಂಬರ್ 7ರಂದು. ಅಂದರೆ ಒಂದು ಇಡೀ ಕ್ರೀಡೆಯ ಆಡಳಿತ, ನಿಯಮ, ವೇಳಾಪಟ್ಟಿ ಎಲ್ಲವೂ ಒಂಬತ್ತು ದಿನಗಳಲ್ಲಿ ನಿಂತವು. ಈಗಿನ ಯಾವ ಕ್ರೀಡಾ ಮಂಡಳಿಯಾದರೂ ಒಂಬತ್ತು ದಿನಗಳಲ್ಲಿ ಒಂದು ಉಪಸಮಿತಿಯನ್ನಾದರೂ ರಚಿಸಲಿ ನೋಡೋಣ.

ಆ ವೇಳಾಪಟ್ಟಿ ಧೈರ್ಯದ್ದಾಗಿತ್ತು. ಪ್ರತಿ ತಂಡ ಉಳಿದ 21 ತಂಡಗಳೊಡನೆ ತನ್ನೂರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡಬೇಕು. ಪೂರ್ವದ ಹಲ್ ಬಂದರಿನಿಂದ ಪೆನೈನ್ ಬೆಟ್ಟಸಾಲಿನಾಚೆಯ ವಿಡ್ನೆಸ್, ಸೇಂಟ್ ಹೆಲೆನ್ಸ್, ಚೆಶೈರ್‌ನ ರನ್‌ಕಾರ್ನ್‌ವರೆಗೆ ಹರಡಿದ ಲೀಗ್ ಅದು. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗಿನ ಸುಮಾರು 33 ವಾರಗಳಲ್ಲಿ 42 ಪಂದ್ಯ. ಆಡಿದವರೆಲ್ಲ ವಾರವಿಡೀ ದುಡಿಯುವವರು ಎಂಬುದನ್ನು ಮರೆಯಬಾರದು.

ಆಟದ ರೂಪ ಮಾತ್ರ ಇನ್ನೂ ಹಳೆಯದೇ. ತಂಡಕ್ಕೆ 15 ಜನ. ಈಗಿನ 13 ಜನರ ರಗ್ಬಿ ಲೀಗ್ ಬಂದದ್ದು 1906ರಲ್ಲಿ. ಮೊದಲ ಋತುವಿನ ಪಂದ್ಯವೊಂದನ್ನು ಇಂದು ಯಾರಾದರೂ ನೋಡುವಂತಿದ್ದರೆ ಅದನ್ನು 15 ಜನರ ಆಟವಾದ ರಗ್ಬಿ ಯೂನಿಯನ್ ಎಂದೇ ತಿಳಿಯುತ್ತಿದ್ದರು. ಬದಲಾಗಿದ್ದು ಆಟವಲ್ಲ, ಆಡುವವನ ಜೇಬಿನ ಲೆಕ್ಕ.

ಗಿರಣಿಯ ನೆರಳಿನ ಕ್ಲಬ್

ಮ್ಯಾನಿಂಗಮ್ ಎಂದರೆ ಲಿಸ್ಟರ್ ಗಿರಣಿ. ಸ್ಯಾಮ್ಯುಯೆಲ್ ಕನ್ಲಿಫ್ ಲಿಸ್ಟರ್‌ನ ಆ ರೇಷ್ಮೆ ಮತ್ತು ಮಖಮಲ್ಲಿನ ಕಾರ್ಖಾನೆಯ ಎತ್ತರದ ಚಿಮಣಿ ಇಂದಿಗೂ ಬ್ರಾಡ್‌ಫರ್ಡ್ ಮೇಲೆ ನಿಂತಿದೆ. ಅಮೆರಿಕ ಆಮದು ಸುಂಕ ಏರಿಸಿದ್ದನ್ನು ಕಾರಣವಾಗಿ ತೋರಿಸಿ 1890ರ ಡಿಸೆಂಬರಿನಲ್ಲಿ ಮಾಲೀಕರು ಕೂಲಿ ಕಡಿತ ಮಾಡಿದರು. ಕಾರ್ಮಿಕರು ಮುಷ್ಕರ ಹೂಡಿದರು. ಮುಂದಿನ ಏಪ್ರಿಲ್‌ವರೆಗೆ ಎಳೆದ ಆ ಹೋರಾಟದಲ್ಲಿ ಅವರು ಸೋತರು. ಆ ಸೋಲಿನ ಕಾವಿನಲ್ಲೇ 1893ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಸ್ಥಾಪನೆಯಾಯಿತು. ಕೂಲಿ ನಷ್ಟದ ಠರಾವು ಲಂಡನ್ನಿನಲ್ಲಿ ಬಿದ್ದದ್ದೂ ಅದೇ ವರ್ಷ. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ಆಸೆಯಾಗುತ್ತದೆ, ಆದರೆ ಕ್ಲಬ್‌ಗಳನ್ನು ನಡೆಸುತ್ತಿದ್ದವರು ಸಮಾಜವಾದಿಗಳೇನೂ ಅಲ್ಲ. ಗೇಟಿನ ಹಣ ಎಣಿಸುತ್ತಿದ್ದ ವ್ಯಾಪಾರಸ್ಥರು. ಒಂದು ದಿನದ ಕೂಲಿ ಹೋಗುವುದೆಂದರೆ ಏನೆಂದು ಆ ಊರಿನಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ ಎಂದಷ್ಟೇ ಹೇಳಿದರೆ ಸಾಕು.

ಕ್ಲಬ್‌ನ ಮೈದಾನ ವ್ಯಾಲಿ ಪೆರೇಡ್, 1886ರಿಂದ. ಅದೇ ಪಟ್ಟಣದ ಪಾರ್ಕ್ ಅವೆನ್ಯೂದಲ್ಲಿ ಬ್ರಾಡ್‌ಫರ್ಡ್ ಎಂಬ ಹೆಸರಿನ ಕ್ಲಬ್ಬೇ ಇತ್ತು: ಹೆಚ್ಚು ಹಳೆಯದು, ಹೆಚ್ಚು ಶ್ರೀಮಂತ, ಪಟ್ಟಣದ ಹೆಸರನ್ನೇ ಹೊತ್ತದ್ದು. ಮ್ಯಾನಿಂಗಮ್ ಸದಾ ಎರಡನೆಯದು. ಈ ಪ್ರಕರಣದಲ್ಲಿ ನೆನಪಿಡಬೇಕಾದ ಒಂದೇ ಸಂಗತಿ ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

ಆ ಋತುವಿನಲ್ಲಿ ಮಾತ್ರ ಎರಡನೆಯದು ಮೊದಲನೆಯದಾಯಿತು. ಮ್ಯಾನಿಂಗಮ್ 42 ಪಂದ್ಯಗಳಲ್ಲಿ ಆಟದೊಳಗೆ ಗಳಿಸಿದ್ದು 367 ಅಂಕ, ಬಿಟ್ಟುಕೊಟ್ಟದ್ದು 158. ಪಂದ್ಯಕ್ಕೆ ಒಂಬತ್ತು ಅಂಕವೂ ಸಿಗದ ತಂಡ ಚಾಂಪಿಯನ್ ಆಗುವುದು ಈಗಿನ ರಗ್ಬಿ ನೋಡುವವರಿಗೆ ವಿಚಿತ್ರ ಅನ್ನಿಸಬಹುದು. ಎದುರಾಳಿಗೆ ಸರಾಸರಿ ನಾಲ್ಕು ಅಂಕವೂ ಸಿಗಲಿಲ್ಲ ಎಂಬುದರಲ್ಲಿ ಅದಕ್ಕೆ ಉತ್ತರವಿದೆ. ಹ್ಯಾಲಿಫ್ಯಾಕ್ಸ್ ಇನ್ನೂ ಜಿಪುಣ: 139. ಮ್ಯಾನಿಂಗಮ್‌ನ ಜಾರ್ಜ್ ಲೋರಿಮರ್ ಒಬ್ಬನೇ 106 ಅಂಕ ಗಳಿಸಿ ಇಡೀ ಲೀಗ್‌ನಲ್ಲಿ ಮೊದಲಿಗನಾದ. ಟ್ರೈಗಳಲ್ಲಿ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ಊರುವುದರಲ್ಲಿ, ಮುಂದಿದ್ದವನು ಓಲ್ಡಮ್‌ನ ಹರ್ಸ್ಟ್.

ಪಟ್ಟ ನಿರ್ಧಾರವಾದದ್ದು ಕೊನೆಯ ದಿನ, ಲೀಡ್ಸ್‌ನ ದಕ್ಷಿಣದಲ್ಲಿದ್ದ ಹನ್ಸ್ಲೆಟ್‌ನ ಪಾರ್ಕ್‌ಸೈಡ್ ಮೈದಾನದಲ್ಲಿ. ಮ್ಯಾನಿಂಗಮ್ ಗೆಲ್ಲಲೇಬೇಕಿತ್ತು. ಸೋತರೆ ಅಂಕಪಟ್ಟಿಯಲ್ಲಿ 64ಕ್ಕೆ ನಿಂತು ಪಟ್ಟ ಹ್ಯಾಲಿಫ್ಯಾಕ್ಸ್‌ಗೆ ಹೋಗುತ್ತಿತ್ತು. ಗೆದ್ದದ್ದು 4–3ರಿಂದ, ಜ್ಯಾಕ್ ಬ್ರನ್ಸ್‌ಕಿಲ್ ಹೊಡೆದ ಒಂದು ಡ್ರಾಪ್ ಗೋಲ್. ಓಡುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಕ್ಷಣದಲ್ಲಿ ಕಂಬಗಳ ನಡುವೆ ಒದೆಯುವ ಹೊಡೆತ ಅದು. ಆಗ ಅದಕ್ಕೆ ನಾಲ್ಕು ಅಂಕ, ಟ್ರೈಗೆ ಮೂರು. ಚೆಂಡನ್ನು ಹೊತ್ತು ಎದುರಾಳಿಯ ಗೆರೆ ದಾಟಿ ಊರುವುದಕ್ಕಿಂತ ಒಂದು ಒದೆತಕ್ಕೆ ಹೆಚ್ಚು ಬೆಲೆ. ಇದು ಸರಿಯಲ್ಲ ಎಂದು ನಾರ್ದರ್ನ್ ಯೂನಿಯನ್‌ಗೇ ಅನ್ನಿಸಿ, 1897ರಲ್ಲಿ ಎಲ್ಲ ಬಗೆಯ ಗೋಲುಗಳಿಗೂ ಎರಡೇ ಅಂಕ ಎಂದು ಗೊತ್ತುಮಾಡಿತು. ಆ ನಿಯಮ ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಪಾರ್ಕ್‌ಸೈಡ್‌ನಲ್ಲಿ ಮ್ಯಾನಿಂಗಮ್ ಗೆಲ್ಲುತ್ತಿರಲಿಲ್ಲ. ಇತಿಹಾಸವನ್ನು ಹೀಗೆ ತಿದ್ದಿ ಆಡುವುದು ಪೋಲಿ ಆಟ ಎಂದು ಗೊತ್ತು. ನಿಯಮ ಬೇರೆಯಿದ್ದರೆ ಉಳಿದ 41 ಪಂದ್ಯಗಳೂ ಬೇರೆಯಾಗುತ್ತಿದ್ದವು. ಆದರೂ ಈ ಕ್ರೀಡೆಯ ಮೊದಲ ಪಟ್ಟ, ಕ್ರೀಡೆ ತಾನೇ ಬೇಗ ಕೈಬಿಟ್ಟ ಒಂದು ಲೆಕ್ಕದ ಮೇಲೆ ನಿಂತಿದೆ ಎಂಬುದು ನನಗೆ ಇಷ್ಟವಾದ ವಿವರ.

ಖರ್ಚಿನ ವಾದ

ಈಗ ಮುಗ್ಗಟ್ಟಿನ ಮಾತು. ಆಟಗಾರರಿಗೆ ಹಣ ಕೊಟ್ಟದ್ದೇ ಮುಳುವಾಯಿತು ಎನ್ನುವವರ ಮುಂದೆ ಸರಳ ಲೆಕ್ಕವೊಂದನ್ನು ಇಡಬಹುದು. 15 ಆಟಗಾರರಿಗೆ ತಲಾ ಆರು ಶಿಲಿಂಗ್ ಎಂದರೆ 90 ಶಿಲಿಂಗ್, ಅಂದರೆ ನಾಲ್ಕೂವರೆ ಪೌಂಡ್. 42 ಪಂದ್ಯಗಳಿಗೂ ಎಲ್ಲರಿಗೂ ಪೂರ್ಣ ಮೊತ್ತ ಕೊಟ್ಟರೂ 189 ಪೌಂಡ್ ಆಗುತ್ತದೆ. ತವರಿನ ಪಂದ್ಯಗಳಿಗೆ ಹೆಚ್ಚಿನವರ ಕೂಲಿ ಕಳೆಯುತ್ತಿರಲಿಲ್ಲವಾದ್ದರಿಂದ ನಿಜವಾದ ಖರ್ಚು ಇನ್ನೂ ಕಡಿಮೆಯಿರಬೇಕು. 1898ರಲ್ಲಿ ವೃತ್ತಿಪರತೆಗೆ ಪೂರ್ಣ ಅನುಮತಿ ಸಿಕ್ಕ ಮೇಲೆ ಸಂಬಳ ಏರಿತು ಎಂಬುದು ಸರಿ. ಆಗಲೂ ಆಟಗಾರ ಬೇರೊಂದು ನಿಜವಾದ ಉದ್ಯೋಗದಲ್ಲಿ ಇರಲೇಬೇಕು ಎಂಬ ಷರತ್ತಿತ್ತು. ಇದೇ ಕ್ಲಬ್ 1903ರಲ್ಲಿ ಫುಟ್‌ಬಾಲ್ ತಂಡ ಕಟ್ಟಲು ಸುರಿದದ್ದು 917 ಪೌಂಡ್ 10 ಶಿಲಿಂಗ್. 189ರ ಸುಮಾರು ಐದು ಪಟ್ಟು. ಖರ್ಚಿಗೆ ಹೆದರಿ ಓಡಿದವರು ಹಾಗೆ ಖರ್ಚು ಮಾಡುವುದಿಲ್ಲ.

ಪ್ರಯಾಣದ ವಾದವೂ ಅಷ್ಟೇ. ಮೊದಲ ಋತುವಿನ ಓಡಾಟ ಹೆಚ್ಚಾಯಿತೆಂದು ನಾರ್ದರ್ನ್ ಯೂನಿಯನ್ ಒಂದೇ ವರ್ಷಕ್ಕೆ ಆ ದೊಡ್ಡ ಲೀಗ್ ಕೈಬಿಟ್ಟು, ಯಾರ್ಕ್‌ಶೈರ್‌ಗೊಂದು ಲ್ಯಾಂಕಶೈರ್‌ಗೊಂದು ಎಂದು ಎರಡು ಲೀಗ್ ಮಾಡಿತು. ಓಡಾಟ ಕಡಿಮೆಯಾಯಿತು. ಮ್ಯಾನಿಂಗಮ್ ಉದ್ಧಾರವಾಗಲಿಲ್ಲ. ಮುಂದೆ ಫುಟ್‌ಬಾಲ್‌ಗೆ ಹೋದಾಗ ಎರಡನೇ ಡಿವಿಷನ್ನಿನಲ್ಲಿ ಎದುರಾಳಿಗಳು ಯಾರು? ಲಂಡನ್ನಿನ ವೂಲಿಚ್ ಆರ್ಸೆನಲ್, ಪಶ್ಚಿಮದ ಬ್ರಿಸ್ಟಲ್ ಸಿಟಿ, ಪೂರ್ವ ಕರಾವಳಿಯ ಗ್ರಿಮ್ಸ್‌ಬಿ. ರೈಲಿನ ಟಿಕೆಟ್ ದುಬಾರಿಯಾಯಿತೆಂದು ರಗ್ಬಿ ಬಿಟ್ಟವರು ಅರ್ಧ ಇಂಗ್ಲೆಂಡ್ ಸುತ್ತುವ ಲೀಗ್ ಸೇರಿದರು ಎಂದರೆ ಯಾರು ನಂಬಬೇಕು?

ಹಾಗಾಗಿ ನೋಡಬೇಕಾದದ್ದು ಖರ್ಚಿನ ಕಡೆಯಲ್ಲ, ಆದಾಯದ ಕಡೆ. ಕ್ಲಬ್‌ನ ಆದಾಯವೆಂದರೆ ಗೇಟಿನಲ್ಲಿ ಸಂಗ್ರಹವಾಗುವ ಹಣ. ಜನ ಬರುವುದು ತಮ್ಮ ತಂಡಕ್ಕಾಗಿ ಎಷ್ಟೋ, ಎದುರಾಳಿ ಯಾರು ಎಂಬುದಕ್ಕಾಗಿಯೂ ಅಷ್ಟೇ. 1895–96ರಲ್ಲಿ ವ್ಯಾಲಿ ಪೆರೇಡ್‌ಗೆ ಉತ್ತರದ ಪ್ರತಿಯೊಂದು ದೊಡ್ಡ ತಂಡವೂ ಬರಲೇಬೇಕಿತ್ತು. ಓಲ್ಡಮ್, ವಿಗನ್, ಹಲ್, ಲೀಡ್ಸ್, ನೆರೆಯ ಬ್ರಾಡ್‌ಫರ್ಡ್. ಎರಡನೇ ದರ್ಜೆಯ ಕ್ಲಬ್‌ಗೆ ವೇಳಾಪಟ್ಟಿ ಕೊಟ್ಟ ವರ ಅದು. ಮರುವರ್ಷವೇ ಲ್ಯಾಂಕಶೈರ್‌ನ ತಂಡಗಳು ಪಟ್ಟಿಯಿಂದ ಹೋದವು. 1901ರಲ್ಲಿ ನಿಜವಾದ ಪೆಟ್ಟು ಬಿತ್ತು: ಎರಡೂ ಕೌಂಟಿಗಳ 14 ಬಲಿಷ್ಠ ಕ್ಲಬ್‌ಗಳು ಒಟ್ಟು ಸೇರಿ ನಾರ್ದರ್ನ್ ರಗ್ಬಿ ಲೀಗ್ ಎಂಬ ಪ್ರತ್ಯೇಕ ಸ್ಪರ್ಧೆ ಮಾಡಿಕೊಂಡವು. ಆ ಹದಿನಾಲ್ಕರಲ್ಲಿ ಪಾರ್ಕ್ ಅವೆನ್ಯೂದ ಬ್ರಾಡ್‌ಫರ್ಡ್ ಇತ್ತು. ಮೊದಲ ಚಾಂಪಿಯನ್ ಮ್ಯಾನಿಂಗಮ್ ಇರಲಿಲ್ಲ. ಮುಂದಿನ ವರ್ಷ ಎರಡು ಡಿವಿಷನ್ ಆದಾಗ ಮ್ಯಾನಿಂಗಮ್‌ಗೆ ಸಿಕ್ಕದ್ದು ಎರಡನೆಯದು.

ಇದು ಆ ಪಟ್ಟಣದ ಶನಿವಾರಗಳಿಗೆ ಏನು ಮಾಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಪಟ್ಟಣದ ಒಂದು ಬದಿಯಲ್ಲಿ ಮೊದಲ ಡಿವಿಷನ್ ಪಂದ್ಯ, ಇನ್ನೊಂದು ಬದಿಯಲ್ಲಿ ಎರಡನೆಯದು, ಎರಡಕ್ಕೂ ಒಂದೇ ಆಟ. ಆರು ವರ್ಷ ಹಿಂದಿನ ಕಪ್ ತೋರಿಸಿ ಯಾರನ್ನೂ ಮೈದಾನಕ್ಕೆ ಕರೆತರಲಾಗದು.

1903ರ ಮೇ

ಆಗ ಕ್ಲಬ್‌ನ ಮುಂದಿದ್ದ ದಾರಿಗಳು ಹೆಚ್ಚಿರಲಿಲ್ಲ. ಹಳೆಯ ರಗ್ಬಿ ಯೂನಿಯನ್‌ಗೆ ಮರಳುವಂತಿರಲಿಲ್ಲ. ನಾರ್ದರ್ನ್ ಯೂನಿಯನ್‌ನಲ್ಲಿ ಆಡಿದವನಿಗೆ ಅಲ್ಲಿ ಜೀವಮಾನ ನಿಷೇಧ. ಬ್ರಾಡ್‌ಫರ್ಡ್ ಜೊತೆ ವಿಲೀನವಾದರೆ ಉಳಿಯುವುದು ಬ್ರಾಡ್‌ಫರ್ಡ್. ಇದ್ದಲ್ಲೇ ಇರುವುದೆಂದರೆ ಚಂದಾ ಎತ್ತುವುದು. ಅದನ್ನೂ ಮಾಡಿದರು: ಹಣ ಸಂಗ್ರಹಕ್ಕೆಂದು ಬಿಲ್ಲುಗಾರಿಕೆ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ತಮಾಷೆಯೆಂದರೆ ಅದು ಯಶಸ್ವಿಯಾಗಿ ತತ್ಕಾಲದ ಸಂಕಟವನ್ನು ನೀಗಿಸಿತು. ಕ್ಲಬ್ ರಗ್ಬಿ ಬಿಟ್ಟದ್ದು ಸಾಯುವ ಗಳಿಗೆಯಲ್ಲಲ್ಲ, ಉಸಿರು ಮರಳಿದ ಮೇಲೆ. ಹಣದ ಮುಗ್ಗಟ್ಟು ಎಂಬ ಎರಡು ಪದದ ವಿವರಣೆ ಸಾಲದು ಎಂದು ನಾನು ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ನಾಲ್ಕನೇ ದಾರಿ ಹೊರಗಿನಿಂದ ಬಂತು. ಬ್ರಾಡ್‌ಫರ್ಡ್ ಅಬ್ಸರ್ವರ್ ಪತ್ರಿಕೆಯ ಉಪಸಂಪಾದಕ, ಸ್ಕಾಟ್ಲೆಂಡಿನ ಜೇಮ್ಸ್ ವೈಟ್ 1903ರ ಜನವರಿಯಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ಪ್ರತಿನಿಧಿ ಜಾನ್ ಬ್ರಂಟ್ ಅವರನ್ನು ವ್ಯಾಲಿ ಪೆರೇಡ್‌ಗೆ ಕರೆತಂದು ಮಾತು ಆರಂಭಿಸಿದ್ದರು. ಫುಟ್‌ಬಾಲ್ ಲೀಗ್‌ಗೂ ಗರಜಿತ್ತು. ಯಾರ್ಕ್‌ಶೈರ್‌ನ ವೆಸ್ಟ್ ರೈಡಿಂಗ್ ಪ್ರದೇಶ ಉಣ್ಣೆ ಗಿರಣಿಗಳ, ಜನದಟ್ಟಣೆಯ ನಾಡು. ಅಲ್ಲಿ ರಗ್ಬಿಯದೇ ದರ್ಬಾರು. ಎರಡು ಲಕ್ಷ ಮೀರಿದ ಜನರಿರುವ ಪಟ್ಟಣದಲ್ಲಿ, ಸಿದ್ಧ ಮೈದಾನ ಮತ್ತು ಸಿದ್ಧ ಸಮಿತಿ ಇರುವ ಕ್ಲಬ್ ಸಿಕ್ಕರೆ ಯಾರು ಬಿಡುತ್ತಾರೆ? ಡಾನ್‌ಕಾಸ್ಟರ್ ರೋವರ್ಸ್ ತಂಡವನ್ನು ಕೈಬಿಟ್ಟು ಬ್ರಾಡ್‌ಫರ್ಡ್‌ನವರಿಗೆ ಎರಡನೇ ಡಿವಿಷನ್ನಿನಲ್ಲಿ ಜಾಗ ಕೊಟ್ಟರು. ಆಗ ಆ ಕ್ಲಬ್ ಒಂದೇ ಒಂದು ಲೀಗ್ ಫುಟ್‌ಬಾಲ್ ಪಂದ್ಯವನ್ನೂ ಆಡಿರಲಿಲ್ಲ. ಅದಕ್ಕೆ ತಂಡವೇ ಇರಲಿಲ್ಲ. ಅಷ್ಟೇ ಅಲ್ಲ, ಕ್ಲಬ್‌ನ ಸದಸ್ಯರು ಇನ್ನೂ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ಜಾಗ ಸಿಕ್ಕ ಕೆಲವೇ ದಿನಗಳಲ್ಲಿ, ಮೇ 29ರಂದು, ಮ್ಯಾನಿಂಗಮ್‌ನ ಕೊನೆಯ ವಾರ್ಷಿಕ ಸಭೆ ಸೇರಿ 75ಕ್ಕೆ 34 ಮತಗಳಿಂದ ನಾರ್ದರ್ನ್ ಯೂನಿಯನ್ ತೊರೆಯಲು ತೀರ್ಮಾನಿಸಿತು. ಮದುವೆ ಮುಗಿಸಿ ಬಂದು ಮನೆಯವರನ್ನು ಒಪ್ಪಿಸಿದ ಹಾಗೆ. ಆ 34 ಜನರ ಬೇಸರ ನನಗೆ ಅರ್ಥವಾಗುತ್ತದೆ.

ಬ್ರಾಡ್‌ಫರ್ಡ್‌ಗೆ 1897ರಲ್ಲಿ ನಗರದ ಪದವಿ ಸಿಕ್ಕಿತ್ತು. ಹೊಸ ಕ್ಲಬ್ ಬ್ರಾಡ್‌ಫರ್ಡ್ ಸಿಟಿ ಎಂದು ಹೆಸರಿಟ್ಟುಕೊಂಡಿತು. ಬಡಾವಣೆಯ ಹೆಸರು ಹೋಯಿತು, ಪಟ್ಟಣದ ಹೆಸರು ಬಂತು; ಇಷ್ಟು ಕಾಲ ಪಾರ್ಕ್ ಅವೆನ್ಯೂದವರ ಬಳಿ ಇದ್ದದ್ದು ಅದೇ ತಾನೇ. ಮ್ಯಾನಿಂಗಮ್‌ನ ಕಡುಗೆಂಪು ಮತ್ತು ಹಳದಿ ಬಣ್ಣಗಳು ಮಾತ್ರ ಹಾಗೆಯೇ ಉಳಿದವು. ಸೆಪ್ಟೆಂಬರ್ 1ರಂದು ಗ್ರಿಮ್ಸ್‌ಬಿಯಲ್ಲಿ 2–0ಯಿಂದ ಸೋತರು. ನಾಲ್ಕು ದಿನ ಬಿಟ್ಟು ವ್ಯಾಲಿ ಪೆರೇಡ್‌ನಲ್ಲಿ ಗೇನ್ಸ್‌ಬರೊ ಟ್ರಿನಿಟಿ ವಿರುದ್ಧದ ಪಂದ್ಯಕ್ಕೆ ಸುಮಾರು 11,000 ಜನ ಬಂದರು. ಗೇನ್ಸ್‌ಬರೊ ಯಾವ ದೊಡ್ಡ ಹೆಸರೂ ಅಲ್ಲ. ಜನ ಬಂದದ್ದು ಪಟ್ಟಣದ ಬೇರೆ ಯಾವ ಮೈದಾನದಲ್ಲೂ ಸಿಗದ ದರ್ಜೆಯ ಆಟ ಅಲ್ಲಿ ಸಿಕ್ಕಿತು ಎಂಬುದಕ್ಕೆ. ಮೊದಲ ಋತುವಿನಲ್ಲಿ ತಂಡ ಹತ್ತನೇ ಸ್ಥಾನದಲ್ಲಿ ಮುಗಿಸಿತು, 1908ರಲ್ಲಿ ಮೊದಲ ಡಿವಿಷನ್ ಏರಿತು, 1911ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ತಂಡವನ್ನು ಮರುಪಂದ್ಯದಲ್ಲಿ 1–0ಯಿಂದ ಮಣಿಸಿ ಫುಟ್‌ಬಾಲ್ ಅಸೋಸಿಯೇಷನ್ನಿನ ಎಫ್‌ಎ ಕಪ್ ಗೆದ್ದಿತು. ಆ ವರ್ಷದ ಹೊಸ ಕಪ್ ತಯಾರಿಸಿದವರೂ ಬ್ರಾಡ್‌ಫರ್ಡ್‌ನ ಆಭರಣ ವ್ಯಾಪಾರಿಗಳೇ.

ಸಿಟಿಯ ಗೇಟು ತುಂಬುವುದನ್ನು ಪಾರ್ಕ್ ಅವೆನ್ಯೂ ನೋಡುತ್ತಲೇ ಇತ್ತು. 1904ರಲ್ಲಿ ನಾರ್ದರ್ನ್ ಯೂನಿಯನ್ ಚಾಂಪಿಯನ್, 1906ರಲ್ಲಿ ಚಾಲೆಂಜ್ ಕಪ್ ವಿಜೇತ: ಆಟದಲ್ಲಿ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೂ 1907ರಲ್ಲಿ ಅದೂ ಫುಟ್‌ಬಾಲ್‌ಗೆ ಜಿಗಿಯಿತು. ರಗ್ಬಿ ಅಭಿಮಾನಿಗಳು ಇದನ್ನು ಮಹಾದ್ರೋಹ ಎಂದರು. ರಗ್ಬಿಯನ್ನೇ ನೆಚ್ಚಿಕೊಂಡವರು ಹೊರಬಂದು ಬ್ರಾಡ್‌ಫರ್ಡ್ ನಾರ್ದರ್ನ್ ಕಟ್ಟಿದರು. ಇಂದಿನ ಬ್ರಾಡ್‌ಫರ್ಡ್ ಬುಲ್ಸ್ ಅದರ ಮುಂದುವರಿಕೆ. ದ್ರೋಹ ಎಂಬ ಮಾತು ಮ್ಯಾನಿಂಗಮ್‌ಗೆ ಅಂಟಲಿಲ್ಲ ಎಂಬುದು ಗಮನಿಸಬೇಕಾದದ್ದು. ಗೆಲ್ಲುತ್ತಿದ್ದವನು ಬಿಟ್ಟು ಹೋದರೆ ದ್ರೋಹ, ಎರಡನೇ ಡಿವಿಷನ್ನಿನವನು ಹೋದರೆ ಯಾರಿಗೂ ಅಷ್ಟು ನೋವಿಲ್ಲ.

ಸಮಿತಿಯ ತೀರ್ಮಾನ ಸರಿಯಿತ್ತೇ ಎಂದು ಅಳೆಯಲು ಎಫ್‌ಎ ಕಪ್ ಒಳ್ಳೆಯ ಅಳತೆಗೋಲಲ್ಲ. ಅದು ಎಂಟು ವರ್ಷಗಳ ನಂತರದ ಅದೃಷ್ಟ. ಮ್ಯಾನಿಂಗಮ್‌ನಂತೆಯೇ ಇದ್ದ ಕ್ಲಬ್‌ಗಳ ಗತಿ ನೋಡುವುದು ಹೆಚ್ಚು ನ್ಯಾಯ. ಮೊದಲ ಋತುವಿನ 22ರಲ್ಲಿದ್ದ ಲಿವರ್‌ಸೆಜ್ 1902ರಲ್ಲೇ ಮುಚ್ಚಿತ್ತು. ಸ್ಟಾಕ್‌ಪೋರ್ಟ್ 1903ರಲ್ಲಿ ನಿಂತಿತು. ಮೊದಲ ಅಧ್ಯಕ್ಷರನ್ನು ಕೊಟ್ಟ ಬ್ರಿಗ್‌ಹೌಸ್ ರೇಂಜರ್ಸ್ 1906ರಲ್ಲಿ ಹೋಯಿತು. ಇವಕ್ಕಿಂತ ಹತ್ತಿರದ ಉದಾಹರಣೆ ಲೀಡ್ಸ್‌ನ ಹಾಲ್‌ಬೆಕ್. ಅದೂ ದೊಡ್ಡ ಪಟ್ಟಣದ ಸಣ್ಣ ಕ್ಲಬ್, ಅದೂ 1902–03ರಲ್ಲಿ ಎರಡನೇ ಡಿವಿಷನ್. ಅದು ರಗ್ಬಿಯಲ್ಲೇ ಉಳಿಯಿತು. 1904ರಲ್ಲಿ ಮೊದಲ ಡಿವಿಷನ್ನಿಗೆ ಏರಲು ಸೇಂಟ್ ಹೆಲೆನ್ಸ್ ವಿರುದ್ಧ ನಡೆದ ನಿರ್ಣಾಯಕ ಪಂದ್ಯದಲ್ಲಿ ಸೋತು, ಅದೇ ವರ್ಷ ಬಾಗಿಲು ಮುಚ್ಚಿತು. ಅದರ ಮೈದಾನ ಎಲ್ಲಂಡ್ ರೋಡ್ ಕೆಲವೇ ತಿಂಗಳಲ್ಲಿ ಲೀಡ್ಸ್ ಸಿಟಿ ಎಂಬ ಹೊಸ ಫುಟ್‌ಬಾಲ್ ಕ್ಲಬ್‌ನ ಕೈಸೇರಿತು. ಈಗ ಅಲ್ಲಿ ಆಡುವುದು ಲೀಡ್ಸ್ ಯುನೈಟೆಡ್. ಹಾಲ್‌ಬೆಕ್‌ನ ಮೈದಾನವೂ ಕೊನೆಗೆ ಫುಟ್‌ಬಾಲ್‌ಗೇ ಹೋಯಿತು, ಕ್ಲಬ್ ಮಾತ್ರ ಜೊತೆಗೆ ಹೋಗಲಿಲ್ಲ.